ಇಂಗ್ಲಿಷಿನ ಹ್ರಸ್ವದೀರ್ಘಗಳೂ ಕನ್ನಡದ ಕಿವಿಯೂ

‘ಕಾಲೇಜು’, ‘ಡಾಕ್ಟರು’, ‘ಕಾಫಿ’ ಎಂಬ ಮಾತುಗಳನ್ನು ಕೇಳಿ, ಕನ್ನಡಿಗರಿಗೆ ಹ್ರಸ್ವದೀರ್ಘಗಳ ವಿವೇಕವಿಲ್ಲವೆಂದು ನಗುವ ವಿದ್ಯಾವಂತರು ನಮ್ಮ ಮೈಸೂರಿನಲ್ಲಿಯೂ ಉಂಟು. ಇಂಗ್ಲಿಷಿನಲ್ಲಿ ಈ ಮೂರರ ಮೊದಲ ಸ್ವರವೂ ಹ್ರಸ್ವವೆಂಬುದು ನಿಜ. ಆದರೆ ಈ ನಗೆ ನ್ಯಾಯವಾದುದೇ?

ನಮ್ಮಲ್ಲಿ ಹ್ರಸ್ವದೀರ್ಘಗಳೆಂದರೆ ಕಾಲದ ಅಳತೆ: ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಸ್ವರವನ್ನು ಎಳೆದೊಡನೆ ‘ಒಲೆ’ಯು ‘ಓಲೆ’ಯಾಗುವುದು, ‘ಕಡು’ ಎಂಬುದು ‘ಕಾಡು’ ಆಗುವುದು. ಸಂಸ್ಕೃತದಲ್ಲಿಲ್ಲದ ಹ್ರಸ್ವ ಎಕಾರ ಒಕಾರಗಳೂ ನಮಗುಂಟು. ಇಂತಹ ಕಿವಿಗೆ ವಿವೇಕವಿಲ್ಲವೆನ್ನುವುದು ಸಾಹಸವೇ ಸರಿ.

ತೊಡಕು ಇರುವುದು ಹೆಸರಿನಲ್ಲಿ. ‘ಬಿಟ್’ ಎಂಬಲ್ಲಿನದು ಹ್ರಸ್ವ, ‘ಬೈಟ್’ ಎಂಬಲ್ಲಿನದು ಅದರ ದೀರ್ಘವೆಂದು ಇಂಗ್ಲಿಷ್ ಪಾಠದಲ್ಲಿ ಹೇಳುವರು. ನಮ್ಮ ಬಾಲಕನಿಗೆ ಇವು ಇಕಾರ ಐಕಾರಗಳು. ಅವನು ಬೆರಗಾದರೆ ತಪ್ಪೇನು? ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿಯೂ ಇದು ಕಾಲಭೇದವೇ ಆಗಿದ್ದಿತು. ಸುಮಾರು 15ನೆಯ ಶತಮಾನದಿಂದ ದೀರ್ಘಸ್ವರಗಳು ಸ್ಥಾನ ಬದಲಿಸಿದವು. ಬರಹವೂ ಹೆಸರೂ ಹಳೆಯವೇ ಉಳಿದವು.

‘ಶಿಪ್’, ‘ಶೀಪ್’ ಎಂಬಂತಹ ಜೋಡಿಗಳಲ್ಲಿಯೂ ಕಾಲವೊಂದೇ ಭೇದವಲ್ಲ, ನಾಲಗೆಯ ನೆಲೆಯೂ ಬೇರೆ. ಮುಂದಣ ವ್ಯಂಜನವನ್ನನುಸರಿಸಿ ‘ಬೀಟ್’ ಎಂಬಲ್ಲಿನ ದೀರ್ಘವು ಕುಗ್ಗುವುದು, ‘ಬಿಡ್’ ಎಂಬಲ್ಲಿನ ಹ್ರಸ್ವವು ಹಿಗ್ಗುವುದು. ಡೇನಿಯಲ್ ಜೋನ್ಸರು 1917ರ ತಮ್ಮ ಉಚ್ಚಾರಣಕೋಶದಲ್ಲಿ ಇಂತಹ ಜೋಡಿಗೆ ಒಂದೇ ಅಕ್ಷರವನ್ನಿಟ್ಟು, ದೀರ್ಘಕ್ಕೆ ಎರಡು ಚುಕ್ಕೆ ಹಚ್ಚಿದ್ದರು. ಗಿಮ್ಸನ್ನರು ಪರಿಷ್ಕರಿಸಿದ 1977ರ ಆವೃತ್ತಿಯಲ್ಲಿ ಅವೆರಡಕ್ಕೂ ಬೇರೆ ಬೇರೆ ಅಕ್ಷರಗಳು ಬಂದವು.

ಈಗ ‘ಡಾಕ್ಟರು’ ಎಂಬುದನ್ನು ನೋಡೋಣ. ಅದರ ಮೊದಲ ಸ್ವರವು ಬಾಯ್ದೆರೆದು ನುಡಿಯುವಂತಹುದು. ನಮ್ಮ ಒಕಾರವು ಅಷ್ಟು ತೆರೆಯದು, ಅಕಾರವೂ ತೆರೆಯದು, ತೆರೆಯುವುದು ಆಕಾರವೊಂದೇ. ಕನ್ನಡಿಗನು ಅದನ್ನು ಆರಿಸಿ, ಕಾಲವನ್ನು ಬಿಟ್ಟು ಧ್ವನಿಯ ಗುಣವನ್ನು ಉಳಿಸಿಕೊಂಡನು. ಇದು ಅವಿವೇಕವಲ್ಲ, ಆಯ್ಕೆ.

ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿದ ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಎಂಬ ಸಂಕಲನದಲ್ಲಿ ಇಂಗ್ಲಿಷ್ ಛಂದಸ್ಸಿನ ಒತ್ತನ್ನೇ ಕನ್ನಡಕ್ಕೆ ಹೇರಲಿಲ್ಲ. ಮಾತ್ರೆಗಳ ಲೆಕ್ಕದಲ್ಲಿಯೇ ಹೊಸ ಲಯಗಳನ್ನು ಕಟ್ಟಿದರು. ಪದಗಳಿಗೂ ಅದೇ ನ್ಯಾಯ ಸಲ್ಲತಕ್ಕದ್ದು. ಇಂಗ್ಲಿಷನ್ನಾಡುವಾಗ ಅದರ ಸ್ವರಗಳನ್ನು ಶ್ರದ್ಧೆಯಿಂದ ಕಲಿಯೋಣ. ಕನ್ನಡಕ್ಕೆ ಬಂದ ಪದವನ್ನು ಕನ್ನಡದ ಮಾತ್ರೆಯಿಂದಲೇ ಅಳೆಯೋಣ. ‘ಕಾಲೇಜು’ ಎಂದುದಕ್ಕಾಗಿ ಯಾವ ಮಗುವೂ ನಾಚಬೇಕಾದುದಿಲ್ಲ.