ಹದಿನೈದರ ಹುಡುಗಿಗೆ ಯಾವ ಉಡುಗೊರೆ?

ಬಡಮಕ್ಕಳಿಗೆ ಏನಾದರೂ ಕೊಡಬೇಕೆಂದು ಹೊರಟವರ ಕಣ್ಣಿಗೆ ಮೊದಲು ಬೀಳುವವರು ಆರೇಳು ವರ್ಷದ ಪುಟಾಣಿಗಳು. ಗೊಂಬೆ, ಚೆಂಡು, ಬಣ್ಣದ ಪೆನ್ಸಿಲ್ ಕೈಗಿಟ್ಟರೆ ಮುಖ ಅರಳುತ್ತದೆ, ಫೋಟೊ ಕೂಡ ಚೆನ್ನಾಗಿ ಬರುತ್ತದೆ. ಅದೇ ಹಾಸ್ಟೆಲಿನ ಹಿಂದಿನ ಸಾಲಿನಲ್ಲಿ ನಿಂತ ಒಂಬತ್ತನೇ ತರಗತಿಯವರಿಗೆ ನೋಟ್‌ಬುಕ್ಕು, ಜಾಮೆಟ್ರಿ ಬಾಕ್ಸು; ಹೆಚ್ಚೆಂದರೆ ಒಂದು ಬ್ಯಾಗು.

ಈ ಕೊರತೆ ತುಂಬಲೆಂದೇ ಈಚಿನ ವರ್ಷಗಳಲ್ಲಿ ವಿಜ್ಞಾನದ ಕಿಟ್ ಹಂಚುವ ರೂಢಿ ಬೆಳೆದಿದೆ. ನಿಗದಿತ ಮಿತಿ ದಾಟಿದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ನಿಯಮ 2014ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ ಇದಕ್ಕೆ ದುಡ್ಡೂ ಹರಿದಿದೆ. ಕೊಡುವವರ ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಹಂಚಿದ ಪೆಟ್ಟಿಗೆಯೊಳಗೆ ಏನಿದೆ, ಒಂದು ತಿಂಗಳ ನಂತರ ಅದು ಎಲ್ಲಿದೆ ಎಂದು ಕೇಳುವವರು ಕಡಿಮೆ.

ಹೋಲಿಸಿ ನೋಡಲು ಒಳ್ಳೆಯ ಉದಾಹರಣೆ ಫೋಲ್ಡ್‌ಸ್ಕೋಪ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಜಿಮ್ ಸೈಬುಲ್‌ಸ್ಕಿ ರೂಪಿಸಿದ ಈ ಕಾಗದದ ಸೂಕ್ಷ್ಮದರ್ಶಕದ ವಿವರ 2014ರಲ್ಲಿ ಪ್ರಕಟವಾಯಿತು. ಬಿಡಿಭಾಗಗಳ ವೆಚ್ಚ ಒಂದು ಡಾಲರಿಗಿಂತ ಕಡಿಮೆ. ಗುರುತಿರುವ ಹಾಳೆಯಿಂದ ಭಾಗಗಳನ್ನು ಬಿಡಿಸಿ, ಗೆರೆಯಗುಂಟ ಮಡಚಿ, ಒಂದರೊಳಗೊಂದು ಸೇರಿಸಿದರೆ ಉಪಕರಣ ಸಿದ್ಧ. ಅದರ ಪುಟ್ಟ ಮಸೂರ ವಸ್ತುವನ್ನು 140 ಪಟ್ಟು ದೊಡ್ಡದು ಮಾಡುತ್ತದೆ. ಈರುಳ್ಳಿಯ ಒಳಪದರದಿಂದ ಸುಲಿದ ತೆಳು ಪೊರೆಯನ್ನಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಕಾಗದವನ್ನು ಮೆಲ್ಲಗೆ ಸರಿಸಿದಾಗ ಕೋಶದ ಗೋಡೆಗಳು ಒಂದೊಂದಾಗಿ ಮೂಡುತ್ತವೆ. ಕೆರೆಯ ನೀರಿನ ಹನಿಯಾದರೆ ಇನ್ನೂ ಸೊಗಸು: ಪ್ಯಾರಮೀಸಿಯಂ ದೃಷ್ಟಿಯ ಈ ಅಂಚಿನಿಂದ ಆ ಅಂಚಿಗೆ ಓಡಿಬಿಡುತ್ತದೆ, ಹಿಂಬಾಲಿಸುವುದೇ ಒಂದು ಆಟ.

ಹದಿಹರೆಯದವರಿಗೆ ಇದು ಒಪ್ಪುವುದಕ್ಕೆ ಕಾರಣ ಅಗ್ಗದ ಬೆಲೆ ಮಾತ್ರವಲ್ಲ. ಇದು ಆಟಿಕೆಯಲ್ಲ, ನಿಜವಾದ ಉಪಕರಣ. ಬ್ಯಾಟರಿಯಿಲ್ಲದೆಯೂ ನಡೆಯುತ್ತದೆ, ನೀರು ಬಿದ್ದರೂ ಕೆಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಶಾಲೆಯ ಬೀರುವಿಗೆ ಸೇರದೆ ಮಗುವಿನ ಜೇಬಿನಲ್ಲಿರುತ್ತದೆ. ದೋಷಗಳಿಲ್ಲವೆಂದಲ್ಲ. ಕಣ್ಣನ್ನು ಮಸೂರಕ್ಕೆ ತೀರಾ ಹತ್ತಿರ ಹಿಡಿಯಬೇಕು. ಮೊದಲ ಸಲ ಹೆಚ್ಚಿನವರಿಗೆ ಮಬ್ಬು ಬಿಟ್ಟರೆ ಬೇರೇನೂ ಕಾಣದು. ಪಕ್ಕದಲ್ಲಿ ಕೂತು ತೋರಿಸುವವರು ಇಲ್ಲದಿದ್ದರೆ ಅರ್ಧದಷ್ಟು ಮಕ್ಕಳು ಅಲ್ಲೇ ಕೈಬಿಟ್ಟಾರು.

ದೂರದರ್ಶಕದ ಕತೆ ಬೇರೆ. 2009ರ ಅಂತರರಾಷ್ಟ್ರೀಯ ಖಗೋಳ ವರ್ಷಕ್ಕೆಂದು ತಯಾರಾದ ಗೆಲಿಲಿಯೊಸ್ಕೋಪ್ 50 ಮಿ.ಮೀ. ಮಸೂರದ, 25 ಪಟ್ಟು ವರ್ಧನೆಯ, ಕೈಯಲ್ಲೇ ಜೋಡಿಸಿಕೊಳ್ಳುವ ಕಿಟ್. ಕೊಂಡವರು ಇನ್ನೊಂದನ್ನು ದಾನ ಮಾಡುವ ವ್ಯವಸ್ಥೆಯೂ ಅದರಲ್ಲಿತ್ತು. ಮಸೂರಗಳ ಗುಣಮಟ್ಟ ಆ ಬೆಲೆಗೆ ಅಚ್ಚರಿ ಹುಟ್ಟಿಸುವಂಥದ್ದು. ಆದರೆ ಟ್ರೈಪಾಡ್ ಜೊತೆಗೆ ಬರುತ್ತಿರಲಿಲ್ಲ. ಇಷ್ಟು ವರ್ಧನೆಯಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಗುರುಗ್ರಹ ನಡುಗುವ ಚುಕ್ಕೆ. ಅದರ ನಾಲ್ಕು ಚಂದ್ರರು ಕಾಣಬೇಕಾದರೆ ಕೊಳವೆ ಅಲ್ಲಾಡದೆ ನಿಲ್ಲಬೇಕು. ಮನೆಯಲ್ಲಿ ಕ್ಯಾಮೆರಾ ಸ್ಟ್ಯಾಂಡ್ ಇರುವವರಿಗೆ ಇದು ಸಮಸ್ಯೆಯೇ ಅಲ್ಲ. ದಾನ ಪಡೆದ ಹುಡುಗನಿಗೆ ಅದೇ ದೊಡ್ಡ ಅಡ್ಡಿ.

ಇನ್ನೊಂದು ದಾರಿ ಅರವಿಂದ ಗುಪ್ತಾ ಅವರದು. ಐಐಟಿ ಕಾನ್ಪುರದಲ್ಲಿ ಓದಿದ ಈ ಎಂಜಿನಿಯರ್ 1978ರಲ್ಲಿ ಕೆಲಸಕ್ಕೆ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್‌ಗೆ ಹೋದರು. ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಚುಚ್ಚಿ ತ್ರಿಕೋನ, ಘನ, ಅಣುರಚನೆಗಳನ್ನು ಕಟ್ಟುವ ವಿಧಾನ ಹುಟ್ಟಿದ್ದು ಅಲ್ಲಿ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಸದಿಂದ ರಸ ತೆಗೆಯುವ ಈ ಬಗೆಯನ್ನು ಮೆಚ್ಚದವರಿಲ್ಲ. ಆದರೂ ದಾನಿಗಳು ಇದನ್ನು ಬಳಸುವ ರೀತಿಯಲ್ಲಿ ಒಂದು ಎಡವಟ್ಟಿದೆ. ಸ್ವಂತ ಮಕ್ಕಳಿಗೆ ನಿಜವಾದ ದೂರದರ್ಶಕ, ಹಾಸ್ಟೆಲ್ ಮಕ್ಕಳಿಗೆ ಸ್ಟ್ರಾ ಮತ್ತು ಖಾಲಿ ಬಾಟಲಿ ಎಂದಾದರೆ ಹದಿನೈದು ವರ್ಷದವರಿಗೆ ಆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಅಗ್ಗದ ಮಾದರಿ ಕಲಿಕೆಯ ಆರಂಭವಾಗಬಹುದು, ಬಡವರ ಪಾಲು ಅಷ್ಟೇ ಎಂದಾಗಬಾರದು.

ಕಿಟ್ ಹಂಚುವವರೆಲ್ಲ ಅದೇ ಹೋಶಂಗಾಬಾದ್‌ನ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಿಂದ ಪಾಠ ಕಲಿಯಬೇಕು. 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ಅದು ಆರರಿಂದ ಎಂಟನೇ ತರಗತಿಯವರಿಗೆ ಮೀಸಲಾಗಿತ್ತು. ಮಕ್ಕಳು ನಾಲ್ಕು ನಾಲ್ಕು ಜನರ ಗುಂಪಾಗಿ ಪ್ರಯೋಗ ಮಾಡುತ್ತಿದ್ದರು. ಒಡೆದ, ಮುಗಿದ ಸಾಮಗ್ರಿಯನ್ನು ಮತ್ತೆ ತುಂಬಿಕೊಡುವ ಏರ್ಪಾಡಿತ್ತು. ಶಿಕ್ಷಕರು ತಿಂಗಳ ಸಭೆಯಲ್ಲಿ ಸೇರಿ ತೊಡಕುಗಳನ್ನು ಬಿಡಿಸಿಕೊಳ್ಳುತ್ತಿದ್ದರು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಅಷ್ಟರವರೆಗೆ ಮೂವತ್ತು ವರ್ಷ ಅದು ನಡೆದದ್ದರಲ್ಲಿ ಪೆಟ್ಟಿಗೆಯಷ್ಟೇ ಪಾಲು ಅದರ ಹಿಂದಿದ್ದ ಈ ಏರ್ಪಾಡಿನದು.

ನಮ್ಮ ಗಡಿಗೆ ಅಂಟಿಕೊಂಡಿರುವ ಕುಪ್ಪಂನಲ್ಲಿ 172 ಎಕರೆ ಆವರಣವಿರುವ, 1999ರಲ್ಲಿ ಸ್ಥಾಪನೆಯಾದ ಅಗಸ್ತ್ಯ ಪ್ರತಿಷ್ಠಾನ ಈ ಮಾತನ್ನು ಇನ್ನೊಂದು ರೀತಿಯಲ್ಲಿ ಸಾಧಿಸಿದೆ. ವ್ಯಾನಿನಲ್ಲಿ, ಬೈಕಿನಲ್ಲಿ ಪ್ರಯೋಗಾಲಯವನ್ನು ಹಳ್ಳಿ ಶಾಲೆಗಳಿಗೆ ಒಯ್ಯುವುದರ ಜೊತೆಗೆ ದೊಡ್ಡ ಮಕ್ಕಳನ್ನೇ ತರಬೇತುಗೊಳಿಸಿ ಚಿಕ್ಕವರಿಗೆ ಕಲಿಸಲು ನಿಲ್ಲಿಸುತ್ತದೆ. ಹದಿಹರೆಯದವರನ್ನು ಕೈಚಾಚಿ ನಿಲ್ಲುವವರನ್ನಾಗಿ ನೋಡದೆ ಹೊಣೆ ಹೊರಬಲ್ಲವರನ್ನಾಗಿ ಕಂಡದ್ದು ಇದರ ಹೆಚ್ಚುಗಾರಿಕೆ. ಆದರೆ ವ್ಯಾನು ಹೊರಟ ಮೇಲೆ ಉಪಕರಣವೂ ಹೊರಟುಹೋಗುತ್ತದೆ. ವೈಯಕ್ತಿಕ ದಾನಿಗಳು ತುಂಬಬಹುದಾದ ಜಾಗ ಇರುವುದು ಅಲ್ಲಿಯೇ.

ಹಾಗಾದರೆ ಏನು ಕೊಡಬೇಕು? ಸದ್ಯಕ್ಕೆ ಫೋಲ್ಡ್‌ಸ್ಕೋಪಿಗೆ ಮೊದಲ ಸ್ಥಾನ. ಎರಡನೆಯದು ಯಾರ ಪಟ್ಟಿಯಲ್ಲೂ ಕಾಣದ ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್. ಕೆಲವೇ ನೂರು ರೂಪಾಯಿಗೆ ಸಿಗುವ ಅದರಿಂದ ಹಳೆಯ ಶೆಲ್ಲಿನಲ್ಲಿ ಎಷ್ಟು ವೋಲ್ಟ್ ಉಳಿದಿದೆ, ಇಯರ್‌ಫೋನಿನ ತಂತಿ ಎಲ್ಲಿ ಕಡಿದಿದೆ ಎಂದು ಹುಡುಗಿಯೇ ಪತ್ತೆಹಚ್ಚಬಹುದು. ಮನೆಯ ಕರೆಂಟಿನ ತಂಟೆಗೆ ಮಾತ್ರ ಹೋಗಕೂಡದೆಂದು ಮೊದಲೇ ಹೇಳಿಕೊಡಬೇಕು. ರೊಬಾಟಿಕ್ಸ್ ಕಿಟ್‌ಗಳು ಶಿಕ್ಷಕರೂ ಬಿಡಿಭಾಗಗಳೂ ಇರುವ ಶಾಲೆಗೆ ಸರಿ, ಒಂಟಿ ಮಗುವಿಗೆ ಅಲ್ಲ.

ಕೊಡುವವರಲ್ಲಿ ಒಂದು ವಿನಂತಿ. ಐವತ್ತು ಪೆಟ್ಟಿಗೆಯ ದುಡ್ಡಿದ್ದರೆ ಮೂವತ್ತನ್ನು ಕೊಳ್ಳಿ. ಉಳಿದ ಹಣದಲ್ಲಿ ಕೈಪಿಡಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಬದಲಿ ಸಾಮಗ್ರಿ ಎತ್ತಿಡಿ, ಮೂರು ತಿಂಗಳ ನಂತರ ಮತ್ತೊಮ್ಮೆ ಹೋಗಿ ಬರುವ ಖರ್ಚು ಇಟ್ಟುಕೊಳ್ಳಿ. ಉಪಕರಣವನ್ನು ಮುಖ್ಯೋಪಾಧ್ಯಾಯರಿಗಲ್ಲ, ಮಗುವಿನ ಕೈಗೇ ಕೊಟ್ಟು, ಮನೆಗೆ ಒಯ್ಯಲು ಬಿಡಿ.