ಟೇಪು, ಪೆನ್ಸಿಲ್ಲು, ಮಳೆಗಾಲ

ಭಂಡಿಗಡಿಯಂಥ ಮಲೆನಾಡಿನ ಊರಲ್ಲಿ ಕ್ಯಾಸೆಟ್ಟಿನ ದೊಡ್ಡ ಶತ್ರು ಮಳೆಗಾಲ. ಟೇಪಿಗೆ ಬೂಷ್ಟು ಹಿಡಿಯುತ್ತಿತ್ತು. ಸಡಿಲಾದರೆ ಪೆನ್ಸಿಲ್ ತೂರಿಸಿ ಸುತ್ತಬೇಕು. ಆದರೂ ನನ್ನ ಮೆಚ್ಚುಗೆ ಅದಕ್ಕೇ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಹಾಡು ಹಿಡಿಸಿದರೆ ಹೆಚ್ಚು. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಅಂಗೈಯಗಲದ ಡಬ್ಬಿಯಲ್ಲಿ ಮಗ್ಗುಲಿಗೆ ಅರ್ಧ ಗಂಟೆ! 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂತು. ಸಿನಿಮಾದ ಹಂಗಿಲ್ಲದೆ ಕವಿತೆ ಅಂಗಡಿಯಲ್ಲಿ ಬಿಕರಿಯಾಯಿತು. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಸಾಲುಗಳೂ ಹೀಗೇ ಅಡುಗೆಮನೆ ಸೇರಿದವು. ಯಕ್ಷಗಾನದ್ದು ಬೇರೆಯೇ ಕಥೆ: ರಂಗಸ್ಥಳದ ಬದಿಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಭಾಗವತರ ಪದ ಹಿಡಿದವರುಂಟು. ಅಂಥದ್ದು ನಿಮ್ಮ ಅಟ್ಟದಲ್ಲಿದ್ದರೆ ಎಸೆಯಬೇಡಿ, ಈ ಮಳೆಗಾಲದೊಳಗೆ ಕಂಪ್ಯೂಟರಿಗೆ ಹಾಕಿಸಿಡಿ.