ಮೂರು ಮೊಳಕ್ಕೊಂದು ಗಳ

ರಾಮನಗರದ ಬಂಡೆಗಳ ಮಗ್ಗುಲಲ್ಲಿ ಕುದುರೆ ಹತ್ತಿದವರಿಗೆಲ್ಲ ಒಂದೇ ಕಾಯಿಲೆ. ಹತ್ತಿದ ಹತ್ತನೇ ನಿಮಿಷಕ್ಕೆ ನಾಗಾಲೋಟ ಬೇಕು. ತಪ್ಪು ಅವರದಲ್ಲ, 1975ರ ಆಗಸ್ಟ್ 15ಕ್ಕೆ ತೆರೆಕಂಡ ‘ಶೋಲೆ’ಯದು. ರಾಮದೇವರ ಬೆಟ್ಟದ ಬುಡದಲ್ಲಿ ಸೆಟ್ ಹಾಕಿ ಆ ಸಿನಿಮಾ ತೆಗೆದು ಐವತ್ತು ವರ್ಷ ದಾಟಿದರೂ, ಬಂಡೆ ಕಣ್ಣಿಗೆ ಬಿದ್ದ ಕೂಡಲೇ ಬೆಂಗಳೂರಿನಿಂದ ಬಂದ ಹುಡುಗರ ಹಿಮ್ಮಡಿ ತಾನಾಗಿ ಕುದುರೆಯ ಪಕ್ಕೆಗೆ ಹೋಗುತ್ತದೆ. ನಮ್ಮ ಲಾಯದ ಹಿರಿಯ ಸೈಸ್ ಒಬ್ಬರಿದ್ದಾರೆ. ಎಲ್ಲರಿಗೂ ಅವರು ಚಾಚಾ. ಒಂದು ಕಾಲಕ್ಕೆ ಚನ್ನಪಟ್ಟಣದಲ್ಲಿ ಜಟಕಾ ಹೊಡೆಯುತ್ತಿದ್ದವರು. ಇಂಥ ಹುಡುಗರನ್ನು ಕಂಡಾಗ ಅವರು ಹೇಳುವುದು ಒಂದೇ ಮಾತು: “ಮೊದ್ಲು ಕೂತ್ಕೊಳ್ಳೋದು ಕಲೀರಿ ಸಾರ್, ಓಡೋದು ಕುದ್ರೆಗೇ ಗೊತ್ತು.”

ಈ ವಾರ ಆ ಕೂರುವ ಸಂಗತಿಯನ್ನೇ ಮಾತಾಡೋಣ.

ನಮಗೆಲ್ಲ ಕೂರುವುದೆಂದರೆ ಒರಗುವುದು. ಜಗಲಿ, ಆಫೀಸಿನ ಕುರ್ಚಿ, ಸ್ಕೂಟರಿನ ಸೀಟು ಎಲ್ಲ ಕಡೆಯೂ ಮಂಡಿ ಮುಂದೆ, ಭಾರ ಹಿಂದೆ. ಅದೇ ಭಂಗಿಯನ್ನು ಜೀನಿನ ಮೇಲೂ ಹೊತ್ತು ತರುತ್ತೇವೆ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಗ್ರೀಸಿನ ಜೆನೋಫೋನ್ ಕುದುರೆ ಸವಾರಿಯ ಮೇಲೆ ಒಂದು ಪುಟ್ಟ ಪುಸ್ತಕ ಬರೆದ. ಕುರ್ಚಿಯ ಮೇಲೆ ಕೂತ ಹಾಗೆ ಕೂರಬೇಡ, ಕಾಲಗಲಿಸಿ ನಿಂತವನ ಹಾಗಿರು ಎಂಬುದು ಅಂದೇ ಅವನು ಕೊಟ್ಟ ಬುದ್ಧಿವಾದ. ಇವತ್ತಿನ ಯಾವ ತರಬೇತುದಾರರೂ ಅದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳಿದ್ದು ನಾನು ಕೇಳಿಲ್ಲ. ಗಾರೆ ಮೇಸ್ತ್ರಿಯ ತೂಗುಗುಂಡನ್ನು ನಿಮ್ಮ ಕಿವಿಯಿಂದ ಇಳಿಬಿಟ್ಟರೆ ದಾರ ಭುಜ, ಸೊಂಟ ದಾಟಿ ಹಿಮ್ಮಡಿಗೆ ತಾಗಬೇಕು. ಕುದುರೆ ತಟಕ್ಕನೆ ಮಾಯವಾದರೆ ನೀವು ನೆಲದ ಮೇಲೆ ಕಾಲೂರಿ ನಿಂತಿರಬೇಕು, ಅಂಗಾತ ಬಿದ್ದಿರಬಾರದು.

ಹಳೆಯ ಫೌಜಿ ಉಸ್ತಾದರು ಮಂಡಿಗೂ ಜೀನಿಗೂ ನಡುವೆ ಒಂದು ರೂಪಾಯಿ ಬಿಲ್ಲೆ ಇಟ್ಟು, ಅದು ಬೀಳದ ಹಾಗೆ ಸವಾರಿ ಮಾಡಿಸುತ್ತಿದ್ದರಂತೆ. ನಾನು ಕಲಿತದ್ದೂ ಅದೇ ಪಂಥದವರ ಹತ್ತಿರ: “ಏಡೀ ನೀಚೇ, ಘುಟ್ನಾ ಅಂದರ್!” ಹಿಮ್ಮಡಿಯ ಮಾತು ಸರಿ. ಮಂಡಿಯ ಮಾತನ್ನು ಮರೆಯಲು ನನಗೆ ಆರು ವರ್ಷ ಹಿಡಿಯಿತು. ಮಂಡಿ ಬಿಗಿದರೆ ಅದೇ ಕೀಲಾಗಿಬಿಡುತ್ತದೆ. ಕೆಳಗಾಲು ಗಡಿಯಾರದ ಲೋಲಕದಂತೆ ತೂಗುತ್ತದೆ, ಮೇಲಿನ ಮೈ ಎರಡು ಬೆರಳ ನಡುವೆ ಹಿಸುಕಿದ ಹಲಸಿನ ಬೀಜದಂತೆ ಮೇಲಕ್ಕೆ ಚಿಮ್ಮುತ್ತದೆ. ಹಿಡಿತವೇ ಭದ್ರತೆ ಎಂದು ನಂಬಿದವರು ಬೇಗ ಬೀಳುತ್ತಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರಿನ ಮೇಲೆ ಜೋಧಪುರದವರ ಜೊತೆ ನುಗ್ಗಿದ ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯವರನ್ನು ನೆನೆಯಿರಿ. ಒಂದು ಕೈಯಲ್ಲಿ ಭರ್ಜಿ, ಇನ್ನೊಂದರಲ್ಲಿ ಲಗಾಮು. ಹಿಡಿದುಕೊಳ್ಳಲು ಮೂರನೇ ಕೈ ಎಲ್ಲಿತ್ತು? ಅವರನ್ನು ಜೀನಿನ ಮೇಲೆ ಉಳಿಸಿದ್ದು ಕೂತ ರೀತಿ.

ನಾನು ಏರುವ ಹೆಣ್ಣುಕುದುರೆ ರೇಸಿನಿಂದ ನಿವೃತ್ತಿಯಾದವಳು. ಮಾಗಡಿ ದಾಟಿದರೆ ಕುಣಿಗಲ್. ಅಲ್ಲಿನ ಸ್ಟಡ್ ಫಾರ್ಮಿನ ಚರಿತ್ರೆ ಹೈದರ್, ಟಿಪ್ಪು ಕಾಲಕ್ಕೆ ಹೋಗುತ್ತದೆ. ಹಾಗಾಗಿ ನಮ್ಮ ಸೀಮೆಯ ಲಾಯಗಳಲ್ಲಿ ರೇಸಿನ ರಕ್ತ ಹೊಸತೇನಲ್ಲ. ಆದರೆ ಜಾಕಿಗಳು ಓಟದಲ್ಲಿ ಕೂರುವವರಲ್ಲ, ಗಿಡ್ಡ ರಿಕಾಬಿನ ಮೇಲೆ ಕುಕ್ಕರಗಾಲಲ್ಲಿ ತೇಲುವವರು. ಬೆನ್ನ ಮೇಲೆ ನಿಧಾನವಾಗಿ ಇಳಿಯುವ ಭಾರದ ಅರ್ಥ ಇವಳಿಗೆ ಗೊತ್ತೇ ಇರಲಿಲ್ಲ. ನಾನು ಲಗಾಮು ಜಗ್ಗಿದಷ್ಟೂ ಅದಕ್ಕೇ ಒರಗಿ ವೇಗ ಹೆಚ್ಚಿಸುತ್ತಿದ್ದಳು. ಅವಳು ಹೊಸದಾಗಿ ಕಲಿಯಬೇಕಿತ್ತು, ನಾನು ಕಲಿತದ್ದನ್ನು ಬಿಡಬೇಕಿತ್ತು. ಇಬ್ಬರಿಗೂ ಒಂದೇ ಮದ್ದು, ಸಮನೆಲದ ಕೆಲಸ. ಸವಾರರ ಬಾಯಲ್ಲಿ ಅದು ಫ್ಲ್ಯಾಟ್‌ವರ್ಕ್. ಹಾರುವ ಬೇಲಿಯಿಲ್ಲ, ನೋಡುವವರಿಲ್ಲ, ಇಪ್ಪತ್ತು ಮೀಟರ್ ವ್ಯಾಸದ ಒಂದು ವೃತ್ತ ಅಷ್ಟೇ.

ನಡಿಗೆಯಿಂದಲೇ ಶುರು. ರಿಕಾಬಿನಿಂದ ಕಾಲು ತೆಗೆದು ಇಳಿಬಿಡಿ. ಪಿರ್ರೆಯೊಳಗೆ ಗೂಟದಂಥ ಎರಡು ಎಲುಬುಗಳಿವೆಯಲ್ಲ, ಅವು ಜೀನಿಗೆ ಎಲ್ಲಿ ತಾಗುತ್ತಿವೆ ನೋಡಿಕೊಳ್ಳಿ. ಕಣ್ಣು ಮುಚ್ಚಿ (ಯಾರಾದರೂ ಹಗ್ಗ ಹಿಡಿದಿರಲಿ). ಕುದುರೆಯ ಹಿಂದಿನ ಎಡಗಾಲು ಮುಂದಕ್ಕೆ ಬರುವಾಗ ನಿಮ್ಮ ಎಡ ಸೊಂಟ ಒಂದಿಷ್ಟು ಕೆಳಗಿಳಿಯುತ್ತದೆ, ಬಲಗಾಲಿಗೆ ಬಲ ಸೊಂಟ. “ಎಡ… ಬಲ… ಎಡ…” ಎಂದು ಗಟ್ಟಿಯಾಗಿ ಹೇಳುತ್ತಾ ಹೋಗಿ. ಮೊದಲ ದಿನ ನಾನು ಹೇಳಿದ್ದರಲ್ಲಿ ಅರ್ಧಕ್ಕರ್ಧ ತಪ್ಪಿತ್ತು. ಹಗ್ಗ ಹಿಡಿದಿದ್ದ ಚಾಚಾ ಪ್ರತಿ ತಪ್ಪಿಗೂ ನಾಲಿಗೆಯಲ್ಲಿ ‘ಚ್ಚು’ ಎನ್ನುತ್ತಿದ್ದರು. ಹದಿನೈದು ದಿನದ ಮೇಲೆ ‘ಚ್ಚು’ ನಿಂತಿತು. ಇದು ಮಕ್ಕಳಾಟ ಅನ್ನಿಸಿದರೆ ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನ ಕಡೆ ನೋಡಿ. ಅಲ್ಲಿ ಹೊಸದಾಗಿ ಸೇರಿದವರು ಮೊದಲು ಕಲಿಯುವುದು ಹೀಗೆ ಹಗ್ಗದ ಕುದುರೆಯ ಮೇಲೆ, ರಿಕಾಬೂ ಇಲ್ಲದೆ ಲಗಾಮೂ ಇಲ್ಲದೆ.

ಟ್ರಾಟ್ ಎನ್ನುವುದಕ್ಕೆ ಕನ್ನಡದಲ್ಲಿ ಕುಕ್ಕುಲೋಟ ಎಂಬ ಸೊಗಸಾದ ಮಾತಿದೆ. ಅದನ್ನು ಕಟ್ಟಿದವನು ರಿಕಾಬಿಲ್ಲದೆ ಸವಾರಿ ಮಾಡಿ ಸೊಂಟ ನೋಯಿಸಿಕೊಂಡವನೇ ಇರಬೇಕು. ಕರ್ಣರೇಖೆಯ ಎರಡು ಕಾಲು ಒಟ್ಟಿಗೆ ಊರುವ ಎರಡು ತಾಳದ ಓಟ ಇದು. ಮಾಮೂಲಿಯಾಗಿ ಒಂದು ತಾಳಕ್ಕೆ ಏಳುತ್ತೇವೆ, ಒಂದಕ್ಕೆ ಕೂರುತ್ತೇವೆ. ಕೆಲವು ತಿಂಗಳಲ್ಲಿ ಇದು ಎಷ್ಟು ರೂಢಿಯಾಗುತ್ತದೆಂದರೆ ಮೈ ನಿದ್ದೆ ಹೋಗುತ್ತದೆ. ಅದಕ್ಕೊಂದು ಚಿಕಿತ್ಸೆ: ಎರಡು ತಾಳ ಎದ್ದೇ ಇರಿ, ಮೂರನೆಯದಕ್ಕೆ ಕೂರಿ. ಏಳು, ಏಳು, ಕೂರು. ಎರಡರ ಓಟದ ಮೇಲೆ ಮೂರರ ಲೆಕ್ಕ ಕೂತಾಗ, ನೀವು ಇಳಿಯುವ ಕಾಲಿನ ಜೋಡಿ ಪ್ರತಿ ಸಲವೂ ಬದಲಾಗುತ್ತದೆ. ಒಂದು ತಾಳ ಹೆಚ್ಚಿಗೆ ಎದ್ದಿರಬೇಕಾದರೆ ಹಿಮ್ಮಡಿ ನಿಜವಾಗಿಯೂ ಸೊಂಟದ ಕೆಳಗೇ ಇರಬೇಕು. ಇಲ್ಲದಿದ್ದರೆ ಹಿಂದಕ್ಕೆ ಕುಸಿದು ಲಗಾಮಿಗೆ ಜೋತುಬೀಳುತ್ತೀರಿ, ಕುದುರೆ ಬಾಯಿ ತೆರೆದು ದೂರು ಹೇಳುತ್ತದೆ.

ಇದಕ್ಕೆಲ್ಲ ಪದಕ ಬರುವುದಿಲ್ಲ ಎನ್ನುವವರಿಗೆ ಒಂದೆರಡು ಮಾತು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಇವೆಂಟಿಂಗ್‌ನಲ್ಲಿ ಬೆಳ್ಳಿ ಗೆದ್ದರು; ಇವೆಂಟಿಂಗ್ ಎಂದರೆ ಡ್ರೆಸಾಜ್‌ನಿಂದ ಶುರುವಾಗಿ ಬೇಲಿ ಹಾರುವುದರಲ್ಲಿ ಮುಗಿಯುವ ಸ್ಪರ್ಧೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು. ಆದರೆ ಟೋಕಿಯೊದಲ್ಲಿ ಡ್ರೆಸಾಜ್ ಮುಗಿದಾಗ, ಅಂದರೆ ಶುದ್ಧ ಸಮನೆಲದ ಪರೀಕ್ಷೆ ಮುಗಿದಾಗ, ಅವರು 9ನೇ ಸ್ಥಾನದಲ್ಲಿದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತದ ಡ್ರೆಸಾಜ್ ತಂಡ ಏಷ್ಯನ್ ಗೇಮ್ಸ್ ಚಿನ್ನ ತಂದದ್ದು ಒಂದೇ ಒಂದು ಗಳವನ್ನೂ ಹಾರದೆ.

ಗಳದ ಮಾತು ಬಂತು. ಲಾಯದಲ್ಲಿ ನಾವೆಲ್ಲ ‘ಪೋಲ್’ ಎನ್ನುತ್ತೇವೆ, ಚಾಚಾ ಮಾತ್ರ ‘ಗಳ’. ಹತ್ತು ಹನ್ನೆರಡು ಅಡಿ ಉದ್ದದ ಮರದ ತುಂಡನ್ನು ನೆಲದ ಮೇಲೆ ಮಲಗಿಸಿ ಅದರ ಮೇಲೆ ಕುದುರೆ ದಾಟಿಸುವುದು. ಇಷ್ಟೇ. ಆದರೆ ಸವಾರನ ಸುಳ್ಳನ್ನು ಇಷ್ಟು ಚೆನ್ನಾಗಿ ಬಯಲು ಮಾಡುವ ಸಾಧನವನ್ನು ನಾನು ಬೇರೆ ಕಂಡಿಲ್ಲ. ಗಳ ದಾಟಲು ಕುದುರೆ ಕಾಲನ್ನು ಮಾಮೂಲಿಗಿಂತ ಎತ್ತಬೇಕು, ಎತ್ತಿದಾಗ ಬೆನ್ನು ಉಬ್ಬಬೇಕು. ಆ ಉಬ್ಬನ್ನು ನಿಮ್ಮ ಪಾದದ ಕೀಲು, ಮಂಡಿ, ಸೊಂಟ ಮೂರೂ ಸೇರಿ ನುಂಗಿಕೊಂಡರೆ ಸದ್ದಿಲ್ಲ. ನೀವು ಒಂದು ತಾಳ ತಡವಾದಿರೋ, ಲಗಾಮು ಜಗ್ಗಿದಿರೋ, ಬೆನ್ನು ತಗ್ಗಿ ಗೊರಸು ಮರಕ್ಕೆ ಬಡಿಯುತ್ತದೆ. ‘ಟಕ್.’ ಕನ್ನಡಿಯಲ್ಲಿ ನೋಡಿಕೊಂಡರೆ ನಾವೆಲ್ಲ ಚಂದವಾಗೇ ಕೂತಿರುತ್ತೇವೆ.

ಅಳತೆ ಮುಖ್ಯ. ಇಂಗ್ಲಿಷ್ ಪುಸ್ತಕಗಳು ಅಡಿ, ಮೀಟರಿನಲ್ಲಿ ಹೇಳುತ್ತವೆ. ನಮ್ಮ ಹೊಲದಲ್ಲಿ ಟೇಪು ಯಾವಾಗಲೂ ಕಳೆದಿರುತ್ತದೆ, ಮೊಳಗೈ ಕಳೆಯುವುದಿಲ್ಲ. ನಡಿಗೆಗೆ ಗಳದಿಂದ ಗಳಕ್ಕೆ ಎರಡು ಮೊಳಕ್ಕೆ ತುಸು ಕಡಿಮೆ. ಕುಕ್ಕುಲೋಟಕ್ಕೆ ಮೂರು ಮೊಳ, ಕುದುರೆ ಗಿಡ್ಡವಿದ್ದರೆ ಅದರಲ್ಲಿ ಅರ್ಧ ಗೇಣು ಕಳೆಯಿರಿ. ಅದಕ್ಕೂ ವೇಗದ ಓಟವಾದ ಕ್ಯಾಂಟರಿಗೆ ಆರೂವರೆ ಮೊಳದ ಆಸುಪಾಸು. ಮೊದಲು ಒಂದೇ ಗಳ, ಆಮೇಲೆ ಮೂರು ಅಥವಾ ನಾಲ್ಕು. ಎರಡಕ್ಕೆ ಮಾತ್ರ ನಿಲ್ಲಿಸಬೇಡಿ. ಎರಡೇ ಇದ್ದರೆ ಚುರುಕು ಕುದುರೆ ಇದೊಂದು ಹಳ್ಳ ಅಂದುಕೊಂಡು ಒಟ್ಟಿಗೆ ಹಾರಿಬಿಡುತ್ತದೆ, ನೀವು ಕಿವಿ ಹಿಡಿದುಕೊಂಡು ಕೂತಿರುತ್ತೀರಿ, ನಿಮ್ಮದಲ್ಲ, ಅದರದು.

ನಾಲ್ಕು ಗಳದ ಮೇಲೆ ಮೊದಲ ದಿನ ಏಳುತ್ತಾ ಕೂರುತ್ತಾ ಹೋಗಿ. ಆಮೇಲೆ ಪಿರ್ರೆಯನ್ನು ಜೀನಿನಿಂದ ಒಂದು ಬೆರಳಷ್ಟು ಎತ್ತಿ, ಸೊಂಟ ಮಡಚಿ, ಹಿಮ್ಮಡಿಗೆ ಭಾರ ಬಿಟ್ಟು. ಕೊನೆಗೆ, ಧೈರ್ಯ ಬಂದಾಗ, ಕೂತೇ. ನನ್ನ ಬಹುಕಾಲದ ರೋಗವೆಂದರೆ ಗಳವನ್ನು ನೋಡುವುದು. ಕುದುರೆ ದಾಟುತ್ತದೋ ಇಲ್ಲವೋ ಎಂಬ ಅನುಮಾನಕ್ಕೆ ಕಣ್ಣು ಕೆಳಗೆ. ಮನುಷ್ಯನ ತಲೆ ಸುಮಾರು ಐದು ಕಿಲೋ. ಅದು ಬಾಗಿದರೆ ಭುಜ ಬಾಗುತ್ತದೆ, ಭುಜದ ಹಿಂದೆ ಸೊಂಟ, ಒಟ್ಟು ಭಾರ ಕುದುರೆಯ ಮುಂಗಾಲ ಮೇಲೆ, ಅದೂ ಅದು ಮುಂಗಾಲೆತ್ತಬೇಕಾದ ಗಳಿಗೆಯಲ್ಲೇ. ನಮ್ಮ ಲಾಯ ಮಂಚನಬೆಲೆ ಕಡೆ ಇರುವುದರಿಂದ ಸಾವನದುರ್ಗ ಎದುರಿಗೇ ನಿಂತಿದೆ, 1,226 ಮೀಟರಿನ ಕಲ್ಲು. “ಗಳ ಎಲ್ಲೂ ಹೋಗಾಕಿಲ್ಲ ಸಾರ್, ಬೆಟ್ಟ ನೋಡಿ” ಎಂದು ಚಾಚಾ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ನೇರ ಸಾಲು ಒಲಿದ ಮೇಲೆ ಬೀಸಣಿಗೆಯ ಗರಿಗಳಂತೆ ಗಳಗಳನ್ನು ವೃತ್ತದ ಮೇಲೆ ಹರಡಿ. ಒಳತುದಿ ಹತ್ತಿರ, ಹೊರತುದಿ ದೂರ, ನಡುಮಧ್ಯಕ್ಕೆ ಮೂರು ಮೊಳ. ಒಳಕ್ಕೆ ಜಾರಿದರೆ ಜಾಗ ಸಾಲದು, ಹೊರಕ್ಕೆ ಹೋದರೆ ಹೆಜ್ಜೆ ಎಟುಕದು. ತಿರುವಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಒಳಗಿನ ಪಕ್ಕೆಯನ್ನು ಕುಸಿಸುತ್ತೇವೆ, ಒಂದೇ ಕಡೆಗೆ ಚೀಲ ಹೊತ್ತವರ ಹಾಗೆ. ನೆಟ್ಟಗಿದ್ದೇನೆ ಎಂದೇ ನನಗನ್ನಿಸುತ್ತಿತ್ತು. ಬಲಗಡೆಯ ವೃತ್ತದಲ್ಲಿ ಪ್ರತಿ ಸಲ ಮೂರನೇ ಗಳದಲ್ಲೇ ‘ಟಕ್’ ಎಂದಾಗ ಒಪ್ಪಿಕೊಳ್ಳಬೇಕಾಯಿತು. ವಾರಕ್ಕೆ ಎರಡು ಸಲ, ಸಲಕ್ಕೆ ಹದಿನೈದು ನಿಮಿಷ ಸಾಕು. ಇದು ಕುದುರೆಗೂ ಬಸ್ಕಿ ಹೊಡೆದಷ್ಟೇ ದಣಿವಿನ ಕೆಲಸ.

ಮರದ ವಿಚಾರದಲ್ಲಿ ನಾನು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಮೊದಲು ಬಿದಿರು ತಂದೆ. ಹಗುರ, ಒದ್ದರೆ ಉರುಳಿ ಹೋಗುತ್ತದೆ, ಕುದುರೆ ಎರಡೇ ದಿನದಲ್ಲಿ ಅದಕ್ಕೆ ಮರ್ಯಾದೆ ಕೊಡುವುದನ್ನು ಬಿಟ್ಟಿತು. ಸೀಳಿದರೆ ಕತ್ತಿಯಂತೆ ಚೂಪು ಬೇರೆ. ಆಮೇಲೆ ಬದುವಿನ ನೀಲಗಿರಿ ಕಡಿಸಿ, ಸಿಪ್ಪೆ ಹೆರೆಸಿ ಹಾಕಿದೆ. ಭಾರ ಸರಿಯಿತ್ತು, ಆದರೆ ದುಂಡಗಿತ್ತು. ರಾಗಿ ಕೊಯ್ದ ಮೇಲಿನ ಹೊಲ, ಡಿಸೆಂಬರಿನ ಬೆಳಗು. ಕುದುರೆಯ ಹಿಂಗಾಲು ಗಳದ ಮೇಲೇ ಊರಿತು, ಗಳ ಉರುಳಿತು, ಅವಳು ಮುಗ್ಗರಿಸಿದಳು, ನಾನು ಅವಳ ಎಡ ಭುಜದ ಮೇಲಿಂದ ಕೂಳೆಯ ಮೇಲೆ ಇಳಿದೆ. ಅವಳಿಗೆ ಏನೂ ಆಗಲಿಲ್ಲ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನನ್ನ ಪಾಲಿಗೆ ಮೂರು ವಾರ ಅಕ್ಷರಶಃ ನಿಜವಾಯಿತು.

ಕುಂಟುತ್ತಲೇ ಚನ್ನಪಟ್ಟಣದ ಕಲಾನಗರಕ್ಕೆ ಹೋದೆ. ಮರ ತಿಳಿದವರ ಊರಲ್ಲವೇ. ಒಬ್ಬ ಕುಶಲಕರ್ಮಿ ಲೇತಿನ ಮೇಲೆ ಹಾಲೆ ಮರದ ತುಂಡಿಗೆ ಅರಗು ಹಚ್ಚುತ್ತಿದ್ದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಕಾವಿಗೇ ಅದು ಕರಗಿ ಹಿಡಿಯುತ್ತದೆ. ಮೇಲೆ ಕೇದಗೆ ಗರಿ ಒತ್ತಿದರೆ ಹೊಳಪು. ನನ್ನ ಕಣ್ಣು ಅವರ ಕೈಮೇಲೆ. ಮೊಣಕೈ ಪಕ್ಕೆಗೆ, ಮಣಿಕಟ್ಟು ಸಡಿಲ, ಭುಜ ಇಳಿದಿದೆ. ಹೆಚ್ಚು ಒತ್ತಿದರೆ ಬಣ್ಣ ಮುದ್ದೆ, ಕಡಿಮೆಯಾದರೆ ಹಿಡಿಯದು. ಕಡಿವಾಣದ ಮೇಲೆ ಇರಬೇಕಾದ ಕೈ ಇದೇ ಅಲ್ಲವೇ ಎಂದುಕೊಂಡೆ. ನೆಲದ ಗಳಗಳನ್ನು ಅಡ್ಡಕಟ್ಟೆಯ ಮೇಲೆ ತುಸು ಎತ್ತರಿಸಿ ಇಟ್ಟರೆ ಅದಕ್ಕೆ ಕವಲೆಟ್ಟಿ ಎನ್ನುತ್ತಾರೆ. ಇಟಲಿಯ ಮಾತು, ಅರ್ಥ ‘ಪುಟ್ಟ ಕುದುರೆಗಳು’. ಅಂಗಡಿಯ ತುಂಬ ಪುಟ್ಟ ಕುದುರೆಗಳೇ ಇದ್ದವು.

ಅವುಗಳಲ್ಲಿ ಒಂದು ತೂಗುಕುದುರೆಯ ಮೇಲೆ ಮೂರು ವರ್ಷದ ಮಗುವೊಂದು ಕೂತಿತ್ತು. ಬೆನ್ನು ನೆಟ್ಟಗೆ, ಕಾಲು ಇಳಿಬಿಟ್ಟು, ಸೊಂಟದಿಂದಲೇ ತೂಗಿಸಿಕೊಳ್ಳುತ್ತಿತ್ತು. ಯಾರೂ ಕಲಿಸಿರಲಿಲ್ಲ. ಅಷ್ಟರಲ್ಲಿ ತಾಯಿ “ಗಟ್ಟಿಯಾಗಿ ಹಿಡ್ಕೋ ಪುಟ್ಟಿ, ಬಿದ್ಬಿಡ್ತೀಯ” ಎಂದರು. ಮಗು ಕಿವಿ ಹಿಡಿದುಕೊಂಡಿತು, ಭುಜ ಮೇಲೇರಿತು, ಮಂಡಿ ಬಿಗಿಯಿತು. ತೂಗುಕುದುರೆ ಎರಡು ಸಲ ಅಲ್ಲಾಡಿ ನಿಂತಿತು.

ನೀಲಗಿರಿ ಗಳದ ಒಂದು ಮಗ್ಗುಲು ಚಪ್ಪಟೆ ಮಾಡಿಕೊಡುತ್ತೀರಾ ಎಂದು ಕೇಳಿದ್ದಕ್ಕೆ ಆ ಕುಶಲಕರ್ಮಿ ನಕ್ಕರು. “ಚಪ್ಪಟೆ ಇದ್ದಿದ್ದನ್ನ ದುಂಡಗೆ ಮಾಡೋದು ಸಾರ್ ನಮ್ ಕಸುಬು. ನೀವು ಸಾಮಿಲ್ಲಿಗೆ ಹೋಗಿ.” ಹೋದೆ. ಕನಕಪುರ ರಸ್ತೆಯ ಸಾಮಿಲ್ಲಿನಲ್ಲಿ ಕೊಯ್ಯಿಸಿ, ಸಮ ಮಗ್ಗುಲು ನೆಲಕ್ಕೆ ಬರುವಂತೆ ಹಾಕಿದೆ. ಈಗ ಉರುಳುವುದಿಲ್ಲ. ಬಣ್ಣಕ್ಕೆ ಚಾಚಾ ಕೆಂಪು ಎಂದರು. ಕುದುರೆಯ ಕಣ್ಣಿಗೆ ಕೆಂಪು, ಹಸಿರು ಎರಡೂ ಒಂದೇ ಮಬ್ಬು, ಹಾಗಾಗಿ ಹಳದಿಯ ಮೇಲೆ ನೀಲಿ ಪಟ್ಟೆ ಬಳಿಸಿದೆ.

ಹೋದ ಭಾನುವಾರ ಹೊಸ ಗಳಗಳ ಉದ್ಘಾಟನೆ. ಮೂರು ಮೊಳಕ್ಕೊಂದರಂತೆ ನಾಲ್ಕು. ಅವಳು ಮೊದಲು ಮೂಸಿ ನೋಡಿ, ಫುರ್ರೆಂದು ಹಿಂದೆ ಸರಿದು, ಆಮೇಲೆ ಒಪ್ಪಿಕೊಂಡಳು. ಕುಕ್ಕುಲೋಟದಲ್ಲಿ ಒಂದು, ಎರಡು, ಮೂರು ನಿಶ್ಶಬ್ದವಾಗಿ ಹೋದವು. ಬಣ್ಣ ಹೇಗೆ ಕಾಣುತ್ತಿದೆಯೋ ಎಂದು ಒಂದೇ ಒಂದು ಕ್ಷಣ ಕೆಳಗೆ ನೋಡಿದೆ.

ಟಕ್.

ಬದುವಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ ಚಾಚಾ ಏನೂ ಹೇಳಲಿಲ್ಲ. ಗದ್ದ ಎತ್ತಿ ಸಾವನದುರ್ಗದ ಕಡೆ ತೋರಿಸಿದರು.